ಪರಿಸರ ಮತ್ತು ಇಂಧನ ಕಾನೂನಿನ ಪ್ರಾಧ್ಯಾಪಕ ವೃತ್ತಿ: ಹತ್ತುವ ಮೆಟ್ಟಿಲು, ಎಡವುವ ಜಾಗ

ಶರಾವತಿ ಕಣಿವೆಯಲ್ಲಿ ಕರ್ನಾಟಕ ವಿದ್ಯುತ್ ನಿಗಮ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿಕೊಂಡಿದೆ. ಮೇಲಿನ ಜಲಾಶಯ ತಲಕಳಲೆ, ಕೆಳಗಿನದು ಗೇರುಸೊಪ್ಪ. ಹಗಲು ಸೌರವಿದ್ಯುತ್ ಮಿಕ್ಕಾಗ ನೀರನ್ನು ಮೇಲಕ್ಕೆತ್ತಿ, ಸಂಜೆ ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಅದರ ಲೆಕ್ಕಾಚಾರ. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯದ್ದು. ಹಾಗಾಗಿ 1972ರ ವನ್ಯಜೀವಿ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 2006ರ ಪರಿಸರ ಪರಿಣಾಮ ಅಧಿಸೂಚನೆ ಮೂರೂ ಒಟ್ಟಿಗೆ ಅನ್ವಯಿಸುತ್ತವೆ. ಇತ್ತ ನೀರೆತ್ತಲು ಬಳಸಿದ ವಿದ್ಯುತ್ತಿನಲ್ಲಿ ಐದನೇ ಒಂದು ಭಾಗ ಅಥವಾ ಇನ್ನೂ ತುಸು ಹೆಚ್ಚು ವಾಪಸ್ ಬರುವುದಿಲ್ಲ. ಆ ನಷ್ಟವನ್ನೂ ಸೇರಿಸಿ ಯೂನಿಟ್‌ಗೆ ಎಷ್ಟು ದರ, ಅದನ್ನು ಯಾವ ಗ್ರಾಹಕರು ಕಟ್ಟಬೇಕು ಎಂಬ ಪ್ರಶ್ನೆ 2003ರ ವಿದ್ಯುತ್ ಕಾಯ್ದೆಗೆ ಸೇರಿದ್ದು.

ನಮ್ಮ ಬಹುತೇಕ ಕಾನೂನು ಕಾಲೇಜುಗಳಲ್ಲಿ ಈ ಎರಡು ಪ್ರಶ್ನೆಗಳನ್ನು ಒಬ್ಬರೇ ಪಾಠ ಮಾಡುವುದಿಲ್ಲ. ಪರಿಸರ ಕಾನೂನು ಹೇಳುವವರಿಗೆ ದರಪಟ್ಟಿ ಓದಲು ಬರುವುದಿಲ್ಲ. ವಿದ್ಯುತ್ ಕಾನೂನು ಗೊತ್ತಿರುವವರು ಹೆಚ್ಚಾಗಿ ವಕೀಲರು ಇಲ್ಲವೇ ನಿಗಮದ ಅಧಿಕಾರಿಗಳು. ಅವರು ತರಗತಿಗೆ ಬರುವುದೇ ಇಲ್ಲ. ಎರಡನ್ನೂ ಒಟ್ಟಿಗೆ ಓದಿ, ಒಟ್ಟಿಗೆ ಕಲಿಸುವವರ ವೃತ್ತಿ ಭಾರತದಲ್ಲಿ ಹೇಗೆ ಕಟ್ಟಿಕೊಳ್ಳುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲಾಗಿದೆ.

ಮೊದಲು ಒಂದು ವಾಸ್ತವ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಎಲ್‌ಎಲ್‌ಬಿಯಲ್ಲಿ ಪರಿಸರ ಕಾನೂನು ಕಡ್ಡಾಯ ಪತ್ರಿಕೆ. ಇಂಧನ ಕಾನೂನಿಗೆ ಆ ಸ್ಥಾನವಿಲ್ಲ. ಕಾಲೇಜು ಬಯಸಿದರೆ ಐಚ್ಛಿಕವಾಗಿ ಇಡಬಹುದು. ಡೆಹ್ರಾಡೂನ್‌ನ ಯುಪಿಇಎಸ್‌ನಂಥ ಕೆಲವೇ ಸಂಸ್ಥೆಗಳು ಅದನ್ನು ಪ್ರತ್ಯೇಕ ವಿಶೇಷ ವಿಷಯವಾಗಿ ಬೆಳೆಸಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1997ರಿಂದ ‘ಸೀರಾ’ ಎಂಬ ಪರಿಸರ ಕಾನೂನು ಕೇಂದ್ರವಿದೆ. ಇಂಧನ ಕಾನೂನು ಕಡ್ಡಾಯವಲ್ಲದ್ದರ ಪರಿಣಾಮ ನೇರ: ‘ಇಂಧನ ಕಾನೂನಿನ ಸಹಾಯಕ ಪ್ರಾಧ್ಯಾಪಕರು ಬೇಕಾಗಿದ್ದಾರೆ’ ಎಂಬ ಜಾಹೀರಾತು ಅಪರೂಪ. ಜಾಹೀರಾತು ಬರುವುದು ಬರಿಯ ‘ಕಾನೂನು’ ಎಂದು. ಒಳಗೆ ಹೋದವರು ಮೊದಲ ಕೆಲವು ವರ್ಷ ಕರಾರು ಕಾಯ್ದೆ, ಅಪಕೃತ್ಯ ಕಾನೂನು, ಆಡಳಿತ ಕಾನೂನು ಏನು ಕೊಟ್ಟರೂ ಪಾಠ ಮಾಡಬೇಕು. ಆಡಳಿತ ಕಾನೂನು ಸಿಕ್ಕರೆ ಅದನ್ನು ಬಿಟ್ಟುಕೊಡಬೇಡಿ. ದರ ನಿಗದಿ ಮಾಡುವ ವಿದ್ಯುತ್ ಆಯೋಗವಿರಲಿ, ಮಾಲಿನ್ಯ ನಿಯಂತ್ರಣ ಮಂಡಳಿಯಿರಲಿ, ಪರಿಸರ ವ್ಯಾಜ್ಯ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಿರಲಿ, ಎಲ್ಲದರ ಬುಡ ಅಲ್ಲೇ ಇರುವುದು.

ಎಲ್‌ಎಲ್‌ಎಂನಿಂದ ನೆಟ್‌ವರೆಗೆ

ದಾರಿ ಶುರುವಾಗುವುದು ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂನಲ್ಲಿ ಶೇ 55 ಅಂಕದಿಂದ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಪ್ರವೇಶ ಕ್ಲ್ಯಾಟ್ ಪಿಜಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ: 120 ಬಹು ಆಯ್ಕೆ ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಾಲು ಅಂಕ ಕಡಿತ. ಅಲ್ಲಿನ ಎಲ್‌ಎಲ್‌ಎಂ ಒಂದು ವರ್ಷದ್ದು. ಹಲವು ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಎರಡು ವರ್ಷ. ಒಂದು ವರ್ಷದ ಕೋರ್ಸಿನಲ್ಲಿ ಪ್ರಬಂಧದ ವಿಷಯ ನಿಗದಿ ಮಾಡಲು ಸಿಗುವ ಸಮಯ ತೀರಾ ಕಡಿಮೆ. ಸೇರುವ ಮೊದಲೇ ವಿಷಯ ತಲೆಯಲ್ಲಿಲ್ಲದಿದ್ದರೆ ಪ್ರಬಂಧ ತೀರ್ಪುಗಳ ಸಾರಾಂಶವಾಗಿ ಮುಗಿಯುತ್ತದೆ, ಮುಂದೆ ಪಿಎಚ್‌ಡಿಗೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ.

ಆಮೇಲೆ ನೆಟ್, ಅಂದರೆ ಅಧ್ಯಾಪಕ ಹುದ್ದೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ಎರಡನೆಯದು ಕಾನೂನು, 100 ಪ್ರಶ್ನೆ, 200 ಅಂಕ. ಎರಡಕ್ಕೂ ಸೇರಿ ಮೂರು ಗಂಟೆ, ತಪ್ಪಿಗೆ ಅಂಕ ಕಡಿತವಿಲ್ಲ. ಕಾನೂನಿನ ಪಠ್ಯಕ್ರಮದ ಹತ್ತು ಘಟಕಗಳಲ್ಲಿ ಎಂಟನೆಯದು ಪರಿಸರ ಮತ್ತು ಮಾನವ ಹಕ್ಕುಗಳ ಕಾನೂನು. ಇಂಧನ ಕಾನೂನಿಗೆ ಅಲ್ಲೂ ಸ್ವಂತ ಘಟಕವಿಲ್ಲ. ಅಂದರೆ ನಿಮ್ಮ ವಿಶೇಷ ಜ್ಞಾನ ಈ ಪರೀಕ್ಷೆಯಲ್ಲಿ ಹೆಚ್ಚು ಕೆಲಸಕ್ಕೆ ಬರದು. ನ್ಯಾಯಶಾಸ್ತ್ರ, ಸಂವಿಧಾನ, ಕೌಟುಂಬಿಕ ಕಾನೂನನ್ನೇ ಗಟ್ಟಿಯಾಗಿ ಓದಿಕೊಳ್ಳಬೇಕು. ಕರ್ನಾಟಕದ ರಾಜ್ಯ ಅರ್ಹತಾ ಪರೀಕ್ಷೆ ಕೆ-ಸೆಟ್ ಇದೇ ಮಾದರಿಯದು. ಅದನ್ನು ಹಿಂದೆ ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಕೆ-ಸೆಟ್ ಅರ್ಹತೆ ಕರ್ನಾಟಕದೊಳಗೆ ಮಾತ್ರ ಊರ್ಜಿತ. ಹೈದರಾಬಾದಿನಲ್ಲೋ ಗಾಂಧಿನಗರದಲ್ಲೋ ಅರ್ಜಿ ಹಾಕುವವರು ಅದನ್ನೇ ನಂಬಿ ಕೂರಬಾರದು.

ನೆಟ್‌ನಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ಸಿಕ್ಕರೆ ಲೆಕ್ಕವೇ ಬೇರೆ. 2023ರ ಜನವರಿಯಿಂದ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋ ಆದ ಮೇಲೆ 42,000. ಪಿಎಚ್‌ಡಿ ಮಾಡುತ್ತಲೇ ಮೂರು ಕಡೆ ಅತಿಥಿ ಉಪನ್ಯಾಸ ಹೇಳುತ್ತಾ ಓಡಾಡುವ ಕಷ್ಟ ತಪ್ಪುತ್ತದೆ. ನಿಂತುಹೋದ ಪಿಎಚ್‌ಡಿಗಳ ಹಿಂದೆ ಬುದ್ಧಿಯ ಕೊರತೆಗಿಂತ ಈ ಓಡಾಟವೇ ಹೆಚ್ಚಾಗಿ ಇರುತ್ತದೆ.

ಪಿಎಚ್‌ಡಿ ವಿಷಯವೇ ಅರ್ಧ ವೃತ್ತಿ

2022ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮಗಳಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಇಂಧನ ಕಾನೂನು ತಿಳಿದ ಮಾರ್ಗದರ್ಶಕರೇ ಕಡಿಮೆ ಇರುವುದರಿಂದ, ಯಾರ ಬಳಿ ಜಾಗ ಖಾಲಿಯಾಗುತ್ತದೆ ಎಂದು ವರ್ಷದ ಮೊದಲೇ ವಿಚಾರಿಸಿಕೊಳ್ಳಬೇಕು.

ವಿಷಯದ ಆಯ್ಕೆಯಲ್ಲೇ ಬಹಳ ಜನ ಸೋಲುತ್ತಾರೆ. ‘ಭಾರತದಲ್ಲಿ ಪರಿಸರ ನ್ಯಾಯ: ಒಂದು ವಿಮರ್ಶಾತ್ಮಕ ಅಧ್ಯಯನ’ ಎಂಬಂಥ ಶೀರ್ಷಿಕೆಗೆ ಅನುಮೋದನೆ ಸುಲಭವಾಗಿ ಸಿಗುತ್ತದೆ, ಬರೆಯುವುದು ಮಾತ್ರ ಅಸಾಧ್ಯ. ಅದರಲ್ಲಿ ಪ್ರಶ್ನೆಯೇ ಇಲ್ಲ. ಇದರ ಬದಲು ಕರ್ನಾಟಕದ್ದೇ ಒಂದು ವಿಷಯ ನೋಡಿ. ಜಮೀನು ಇರುವ ರೈತರು 1ರಿಂದ 3 ಮೆಗಾವಾಟ್‌ನ ಸೌರ ಘಟಕ ಹಾಕಿಕೊಳ್ಳುವ ಯೋಜನೆಯನ್ನು ರಾಜ್ಯ 2014ರಲ್ಲಿ ತಂದಿತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡಿದ್ದ ದರ ಯೂನಿಟ್‌ಗೆ 8 ರೂಪಾಯಿ 40 ಪೈಸೆ. ಭೂ ಪರಿವರ್ತನೆಯ ಆದೇಶ, ವಿದ್ಯುತ್ ಸಾಗಣೆ ಮಾರ್ಗದ ಅನುಮತಿ ತಡವಾದವು. ಹಲವು ಘಟಕಗಳು ಒಪ್ಪಂದದ ಗಡುವಿನೊಳಗೆ ಶುರುವಾಗಲಿಲ್ಲ. ಅಷ್ಟರಲ್ಲಿ ಸೌರ ಫಲಕದ ಬೆಲೆ ಕುಸಿದು ಆಯೋಗದ ಹೊಸ ದರ 6 ರೂಪಾಯಿ 51 ಪೈಸೆಗೂ, ಬಳಿಕ 4 ರೂಪಾಯಿ 36 ಪೈಸೆಗೂ ಇಳಿದಿತ್ತು. ತಡವಾದವರಿಗೆ ಇಳಿದ ದರವೇ ಎಂದು ಆಯೋಗ ಹೇಳಿತು. ಹಲವು ಪ್ರಕರಣಗಳಲ್ಲಿ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ ಹಳೆಯ ದರವನ್ನೇ ಮರಳಿ ಕೊಟ್ಟಿತು.

ಇಲ್ಲಿ ನಿಜವಾದ ಪ್ರಶ್ನೆಯಿದೆ: ಸರ್ಕಾರದ ಒಂದು ಇಲಾಖೆ ಮಾಡಿದ ತಡದ ನಷ್ಟವನ್ನು ರೈತ ಹೊರಬೇಕೇ, ವಿದ್ಯುತ್ ಕೊಳ್ಳುವ ಸರಬರಾಜು ಕಂಪನಿ ಎಸ್ಕಾಂ ಹೊರಬೇಕೇ, ಬಿಲ್ ಕಟ್ಟುವ ಗ್ರಾಹಕ ಹೊರಬೇಕೇ? ಉತ್ತರ ಹುಡುಕಲು ಭೂಕಂದಾಯ ಕಾಯ್ದೆಯ 95ನೇ ಕಲಂ, ವಿದ್ಯುತ್ ಖರೀದಿ ಒಪ್ಪಂದದಲ್ಲಿನ ಅನಿವಾರ್ಯ ಅಡ್ಡಿಯ ಷರತ್ತು, ವಿದ್ಯುತ್ ಕಾಯ್ದೆಯ 86ನೇ ಕಲಂ ಮೂರನ್ನೂ ಓದಬೇಕು. ಆಯೋಗದ ಆದೇಶಗಳು ಅದರ ಜಾಲತಾಣದಲ್ಲೇ ಸಿಗುತ್ತವೆ. ಐವತ್ತು ಆದೇಶ ಇಳಿಸಿಕೊಂಡು, ಪ್ರತಿಯೊಂದರಲ್ಲೂ ಒಪ್ಪಂದದ ದಿನ, ಗಡುವು, ಅರ್ಜಿ ಕೊಟ್ಟ ದಿನ, ಅನುಮತಿ ಬಂದ ದಿನ, ಘಟಕ ಚಾಲೂ ಆದ ದಿನ ಎಂದು ಐದು ಕಾಲಂನ ಪಟ್ಟಿ ಮಾಡಿದರೆ, ಯಾವ ಕಚೇರಿಯಲ್ಲಿ ಎಷ್ಟು ದಿನ ಹೋಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಅಂಥ ಪಟ್ಟಿಯಿಂದ ಹುಟ್ಟಿದ ಒಂದು ಅಧ್ಯಾಯ, ಸುಸ್ಥಿರ ಅಭಿವೃದ್ಧಿಯ ಬಗ್ಗೆ ಬರೆದ ನೂರು ಪುಟಕ್ಕಿಂತ ಮೇಲು.

ಪಾವಗಡದಲ್ಲೂ ಇಂಥದೇ ಸರಕಿದೆ. 2,050 ಮೆಗಾವಾಟ್‌ನ ಆ ಸೌರ ಪಾರ್ಕಿಗೆ ಸುಮಾರು 13,000 ಎಕರೆಯನ್ನು ಸ್ವಾಧೀನ ಮಾಡಿಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಸೌರ ಫಲಕದ ಘಟಕಗಳು 2006ರ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲವಾದ್ದರಿಂದ ಪರಿಸರ ಅನುಮತಿಯಾಗಲಿ, ಸಾರ್ವಜನಿಕ ಅಹವಾಲು ಸಭೆಯಾಗಲಿ ಬೇಕಿಲ್ಲ. ಜಮೀನಿಲ್ಲದ ಕೂಲಿಕಾರರು ಗುತ್ತಿಗೆಯ ಕಾಗದದಲ್ಲೂ ಇಲ್ಲ, ಪರಿಸರ ಕಾನೂನಿನಲ್ಲೂ ಇಲ್ಲ. ಪರಿಸರ ಕಾನೂನು ಮಾತ್ರ ಓದಿದವರು ಅಲ್ಲಿ ಉಲ್ಲಂಘನೆ ಹುಡುಕಿ ಬರಿಗೈಲಿ ಬರುತ್ತಾರೆ. ಎರಡೂ ಓದಿದವರಿಗೆ ಆ ಖಾಲಿ ಜಾಗವೇ ಸಂಶೋಧನೆ.

ಪ್ರಬಂಧ ಒಪ್ಪಿಸುವ ಹೊತ್ತಿಗೆ ಇನ್ನೊಂದು ತೊಡಕು, ಕೃತಿಚೌರ್ಯ ತಪಾಸಣೆ. 2018ರ ಯುಜಿಸಿ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ. 10ರಿಂದ 40ಕ್ಕೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಒಪ್ಪಿಸಬೇಕು. 40ರಿಂದ 60ಕ್ಕೆ ಒಂದು ವರ್ಷ ಒಪ್ಪಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಕಾನೂನು ಪ್ರಬಂಧದಲ್ಲಿ ಕಲಂಗಳು, ತೀರ್ಪಿನ ಉದ್ಧರಣೆಗಳು ತುಂಬಿರುವುದರಿಂದ ತಂತ್ರಾಂಶ ಅವನ್ನೂ ಹೋಲಿಕೆ ಎಂದೇ ಎಣಿಸುತ್ತದೆ. ಉದ್ಧರಣ ಚಿಹ್ನೆ ಹಾಕಿ ಮೂಲ ತೋರಿಸಿದ ಭಾಗವನ್ನು ನಿಯಮವೇ ಹೊರಗಿಡುತ್ತದೆ. ಆದರೆ ಚಿಹ್ನೆ ಬಿಟ್ಟುಹೋದರೆ ಪ್ರಾಮಾಣಿಕರೂ ಸಿಕ್ಕಿಬೀಳುತ್ತಾರೆ. ಮೊದಲ ಅಧ್ಯಾಯದಿಂದಲೇ ಈ ಶಿಸ್ತು ಬೇಕು, ಕೊನೆಯಲ್ಲಿ ತಿದ್ದಲು ಹೊರಟರೆ ತಿಂಗಳುಗಳು ಹೋಗುತ್ತವೆ.

ಏಣಿ ಮತ್ತು ಅಂಕ

2018ರ ಯುಜಿಸಿ ನಿಯಮಗಳಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ 57,700 ರೂಪಾಯಿ, ಸಹ ಪ್ರಾಧ್ಯಾಪಕರದು 1,31,400, ಪ್ರಾಧ್ಯಾಪಕರದು 1,44,200. 2023ರ ತಿದ್ದುಪಡಿಯ ಬಳಿಕ ಮೊದಲ ಹುದ್ದೆಗೆ ನೆಟ್ ಅಥವಾ ರಾಜ್ಯ ಮಟ್ಟದ ಸ್ಲೆಟ್, ಸೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಕಡ್ಡಾಯವಲ್ಲ. ಹಾಗೆಂದು ಪಿಎಚ್‌ಡಿ ಬೇಡ ಎಂದುಕೊಂಡರೆ ಸಂದರ್ಶನದ ಪಟ್ಟಿಗೇ ಹೆಸರು ಬರುವುದಿಲ್ಲ: ವಿಶ್ವವಿದ್ಯಾಲಯಗಳು ಪಟ್ಟಿ ಮಾಡುವಾಗ ಬಳಸುವ 100 ಅಂಕದ ಕೋಷ್ಟಕದಲ್ಲಿ ಪಿಎಚ್‌ಡಿಗೆ 30, ನೆಟ್‌ಗೆ ಬರೀ 5, ಜೆಆರ್‌ಎಫ್ ಇದ್ದರೆ 7. ಪಟ್ಟಿಗೆ ಬಂದ ಮೇಲೆ ಈ ಅಂಕಗಳಿಗೆ ಬೆಲೆಯಿಲ್ಲ, ಆಯ್ಕೆ ಪೂರ್ತಿ ಸಂದರ್ಶನದ್ದು.

ಒಳಗಿನ ಬಡ್ತಿಗೆ ಮೊದಲ ಮೆಟ್ಟಿಲು ಪಿಎಚ್‌ಡಿ ಇದ್ದವರಿಗೆ ನಾಲ್ಕು ವರ್ಷ, ಎಲ್‌ಎಲ್‌ಎಂ ಇದ್ದವರಿಗೆ ಐದು. ಅಲ್ಲಿಂದ ಐದು ವರ್ಷ, ಮತ್ತೆ ಮೂರು. ಅಲ್ಲಿಗೆ ಸಹ ಪ್ರಾಧ್ಯಾಪಕ. ಇನ್ನು ಮೂರು ವರ್ಷಕ್ಕೆ ಪ್ರಾಧ್ಯಾಪಕ. ಏನೂ ತಡವಾಗದಿದ್ದರೂ ಪಿಎಚ್‌ಡಿಯೊಂದಿಗೆ ಸೇರಿದವರಿಗೆ ಒಟ್ಟು 15 ವರ್ಷ. ನೇರ ನೇಮಕದಲ್ಲಿ ಸಹ ಪ್ರಾಧ್ಯಾಪಕರಿಗೆ 8 ವರ್ಷದ ಅನುಭವ, 7 ಪ್ರಕಟಣೆ, 75 ಸಂಶೋಧನಾ ಅಂಕ ಬೇಕು. ಪ್ರಾಧ್ಯಾಪಕರಿಗೆ 10 ವರ್ಷ, 10 ಪ್ರಕಟಣೆ, 120 ಅಂಕ.

ಈ 120 ಹೇಗೆ ಕೂಡುತ್ತದೆ ನೋಡೋಣ. ಒಬ್ಬರೇ ಬರೆದ ಲೇಖನಕ್ಕೆ 10. ಇಬ್ಬರು ಬರೆದರೆ ತಲಾ 7. ದೇಶದ ಪ್ರಕಾಶಕರು ತಂದ ಪುಸ್ತಕಕ್ಕೆ 10, ಸಂಪಾದಿತ ಗ್ರಂಥದ ಅಧ್ಯಾಯಕ್ಕೆ 5, ಪಿಎಚ್‌ಡಿ ಪಡೆದ ಪ್ರತಿ ವಿದ್ಯಾರ್ಥಿಗೆ 10, ಪ್ರಬಂಧ ಒಪ್ಪಿಸಿ ಕಾಯುತ್ತಿದ್ದರೆ 5. ಆರು ಸ್ವಂತ ಲೇಖನ, ಎರಡು ಜಂಟಿ ಲೇಖನ, ಒಂದು ಪುಸ್ತಕ, ಎರಡು ಅಧ್ಯಾಯ, ಇಬ್ಬರು ಪಿಎಚ್‌ಡಿ ಮುಗಿಸಿದ ವಿದ್ಯಾರ್ಥಿಗಳು: ಕೂಡಿದರೆ 114. ಹದಿನೈದು ವರ್ಷ ಚೆನ್ನಾಗಿ ದುಡಿದವರೂ ಆರು ಅಂಕಕ್ಕೆ ನಿಲ್ಲಬಹುದು.

ಇದೇ ಕೋಷ್ಟಕದಲ್ಲಿ ರಾಜ್ಯ ಸರ್ಕಾರಕ್ಕೆ ಬರೆದುಕೊಟ್ಟ ನೀತಿ ದಾಖಲೆಗೆ 4 ಅಂಕ, ಕೇಂದ್ರಕ್ಕೆ ಬರೆದುಕೊಟ್ಟರೆ 7. ಅದೂ ಉಪನ್ಯಾಸಗಳ ಅಂಕದ ಜೊತೆ ಸೇರಿ ಒಟ್ಟು ಅಂಕದ ಶೇ 30 ದಾಟುವಂತಿಲ್ಲ. ಪರಿಸರ ಮತ್ತು ಇಂಧನ ಕಾನೂನಿನವರಿಗೆ ಇದು ದೊಡ್ಡ ಅನ್ಯಾಯ ಎಂದೇ ಹೇಳಬೇಕು. ರಾಜ್ಯದ ನವೀಕರಿಸಬಹುದಾದ ಇಂಧನ ನೀತಿಯ ಕರಡು ತಿದ್ದುವುದು ತಿಂಗಳುಗಟ್ಟಲೆಯ ಕೆಲಸ, ಅದರ ಒಂದು ವಾಕ್ಯ ಸಾವಿರಾರು ಎಕರೆಯ ಭವಿಷ್ಯ ಬದಲಿಸಬಲ್ಲದು; ಅಂಕದಲ್ಲಿ ಅದು ಅರ್ಧ ಲೇಖನಕ್ಕಿಂತ ಕಡಿಮೆ. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಹೊಸ ನಿಯಮಗಳ ಕರಡು ಈ ಅಂಕಪದ್ಧತಿಯಿಂದಲೇ ದೂರ ಸರಿಯುವ ಮಾತಾಡಿತು. ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ಜಾಹೀರಾತಿನಲ್ಲೇ ನೋಡಿಕೊಳ್ಳುವುದು ಕ್ಷೇಮ.

ಅಂಕದ ಒತ್ತಡದಿಂದ ಹುಟ್ಟುವ ದೊಡ್ಡ ಅನಾಹುತ ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕಗಳದ್ದು. ಅನುಮೋದಿತ ನಿಯತಕಾಲಿಕಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಯಿತು. ಗುಣಮಟ್ಟ ಅಳೆಯುವ ಹೊಣೆ ಈಗ ಆಯಾ ಸಂಸ್ಥೆಯದು. ಹೀಗಾಗಿ ಲೇಖಕರೇ ಎಚ್ಚರ ವಹಿಸಬೇಕು. ಲೇಖನ ಕಳಿಸಿದ ವಾರದೊಳಗೆ ಒಪ್ಪಿಗೆ ಬಂತೇ, ಪರಾಮರ್ಶಕರ ಟಿಪ್ಪಣಿಯಲ್ಲಿ ನಿಮ್ಮ ವಾದದ ಬಗ್ಗೆ ಒಂದು ಸಾಲೂ ಇಲ್ಲವೇ, ಒಪ್ಪಿಗೆ ಪತ್ರದಲ್ಲೇ ಶುಲ್ಕದ ಮೊತ್ತವಿದೆಯೇ, ಹಾಗಿದ್ದರೆ ಹಿಂದಕ್ಕೆ ಪಡೆಯಿರಿ. ಅಲ್ಲಿ ಅಚ್ಚಾದ ಲೇಖನ ಹತ್ತು ವರ್ಷದ ಬಳಿಕ ಆಯ್ಕೆ ಸಮಿತಿಯ ಮೇಜಿನ ಮೇಲೆ ಎದ್ದು ಬರುತ್ತದೆ.

ತರಗತಿಯಲ್ಲಿ ಹಳಸುವ ಟಿಪ್ಪಣಿ

ಯುಜಿಸಿ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ, ಮೇಲಿನವರಿಗೆ 14. ಈ ವಿಷಯದಲ್ಲಿ ಕಷ್ಟ ಗಂಟೆಯದಲ್ಲ, ಪಾಠ ಹಳಸುವ ವೇಗದ್ದು. 2025ರ ಮೇ 16ರಂದು ವನಶಕ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಮಗಾರಿ ಶುರುವಾದ ಮೇಲೆ ಪರಿಸರ ಅನುಮತಿ ಕೊಡುವ ಪದ್ಧತಿಯೇ ಕಾನೂನುಬಾಹಿರ ಎಂದಿತು. ಅದೇ ವರ್ಷ ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ 2-1ರ ಬಹುಮತದಿಂದ ಆ ತೀರ್ಪನ್ನು ಹಿಂಪಡೆಯಿತು. ಜೂನ್‌ನಲ್ಲಿ ಕೊಟ್ಟ ಟಿಪ್ಪಣಿ ಡಿಸೆಂಬರ್ ಪರೀಕ್ಷೆಗೆ ತಪ್ಪು. 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆಗಳ ಜೈಲು ಶಿಕ್ಷೆಯ ಕಲಂಗಳನ್ನು 2023ರ ಜನವಿಶ್ವಾಸ ಕಾಯ್ದೆ ಬಹುಪಾಲು ದಂಡಕ್ಕೆ ಇಳಿಸಿತು. ಮಾರುಕಟ್ಟೆಯ ಗೈಡ್‌ಗಳಲ್ಲಿ ಈಗಲೂ ಐದು ವರ್ಷ ಜೈಲು ಎಂದೇ ಇರುತ್ತದೆ.

ಬೆಂಗಳೂರಿನವರು ಕಲಿಸಲೇಬೇಕಾದ ಪ್ರಕರಣ ಕೆರೆಗಳ ಮೀಸಲು ಪ್ರದೇಶದ್ದು. 2016ರ ಮೇ 4ರಂದು ಹಸಿರು ನ್ಯಾಯಮಂಡಳಿ ಕೆರೆಯಂಚಿನಿಂದ 75 ಮೀಟರ್, ರಾಜಕಾಲುವೆಗಳಿಗೆ 50, 35, 25 ಮೀಟರ್ ಜಾಗ ಬಿಡಬೇಕು ಎಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಸಾಮಾನ್ಯ ನಿರ್ದೇಶನವನ್ನು ರದ್ದು ಮಾಡಿತು. ಕಾರಣ, ಶಾಸನದಡಿ ರೂಪುಗೊಂಡ ನಗರದ ಮಾಸ್ಟರ್ ಪ್ಲಾನ್ 2015 ಕೆರೆಗೆ 30 ಮೀಟರ್ ಎಂದಿರುವಾಗ ಅದನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲ. ಹೆಚ್ಚಿನ ವಿದ್ಯಾರ್ಥಿಗಳು ಇದನ್ನು ಪರಿಸರದ ಸೋಲು ಎಂದು ಓದಿ ಮುಂದೆ ಹೋಗುತ್ತಾರೆ. ಕಲಿಸಬೇಕಾದ್ದು ಬೇರೆ: 75 ಮೀಟರ್ ಬೇಕೆನ್ನುವವರು ಯಾವ ಬಾಗಿಲು ತಟ್ಟಬೇಕಿತ್ತು? ನ್ಯಾಯಮಂಡಳಿಯದ್ದಲ್ಲ, ಮಾಸ್ಟರ್ ಪ್ಲಾನ್ ತಿದ್ದುವ ಪ್ರಾಧಿಕಾರದ್ದು ಅಥವಾ ಆ ಪ್ಲಾನನ್ನೇ ಪ್ರಶ್ನಿಸುವ ರಿಟ್ ಅರ್ಜಿಯೊಂದಿಗೆ ಹೈಕೋರ್ಟಿನದ್ದು.

ಹಾಗೆಯೇ ಸುಪ್ರೀಂ ಕೋರ್ಟಿನ 2024ರ ಮಾರ್ಚ್ 21ರ ರಂಜಿತ್‌ಸಿಂಹ ತೀರ್ಪು. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಿಂದ ಬರುವ ಹಕ್ಕು ಎಂದು ಕೋರ್ಟ್ ಮೊದಲ ಬಾರಿ ಸ್ಪಷ್ಟವಾಗಿ ಹೇಳಿದ್ದು ಅಲ್ಲಿ. ಆದರೆ ಆ ಮಾತು ಬಂದ ಸಂದರ್ಭ ಗಮನಿಸಬೇಕು: ರಾಜಸ್ಥಾನ, ಗುಜರಾತಿನಲ್ಲಿ ಹೆಬ್ಬಕ ಹಕ್ಕಿಗಳು ಬಡಿದು ಸಾಯುತ್ತಿದ್ದ ವಿದ್ಯುತ್ ತಂತಿಗಳನ್ನು ನೆಲದಡಿ ಹಾಕಬೇಕೆಂಬ 2021ರ ಆದೇಶವನ್ನು ಸಡಿಲಿಸುವಾಗ. ಹವಾಮಾನದ ಹಕ್ಕು ಸೌರವಿದ್ಯುತ್ತಿನ ಪರವಾಗಿ, ಒಂದು ಹಕ್ಕಿಯನ್ನು ಕಾಯುವ ಆದೇಶದ ಎದುರು ನಿಂತಿತು. ಈ ಇಕ್ಕಟ್ಟನ್ನು ಬಿಡಿಸದೆ ತೀರ್ಪಿನ ಘೋಷಣೆಯನ್ನಷ್ಟೇ ಹೇಳಿಕೊಟ್ಟರೆ ಪಾಠ ಅರ್ಧವೇ ಆದಂತೆ.

ಕೋರ್ಟಿಗೆ ಹೋಗದೆ ಕಾನೂನು ಕಟ್ಟುವುದು

ಪೂರ್ಣಾವಧಿ ಸಂಬಳದ ಪ್ರಾಧ್ಯಾಪಕರು ವಕೀಲಿ ಮಾಡುವಂತಿಲ್ಲ. ವಕೀಲರ ಪರಿಷತ್ತಿನ 49ನೇ ನಿಯಮ ಪೂರ್ಣಾವಧಿ ನೌಕರಿಯಲ್ಲಿರುವವರ ವಕೀಲಿಯನ್ನು ತಡೆಯುತ್ತದೆ. 1979ರ ನಿಯಮಗಳು ವಕೀಲರಿಗೆ ದಿನಕ್ಕೆ ಮೂರು ಗಂಟೆ ಮೀರದಂತೆ ಪಾಠ ಹೇಳಲು ಬಿಡುತ್ತವೆ. ಸೇರುವಾಗ ವಕೀಲಿಯ ಸನ್ನದನ್ನು ಅಮಾನತಿನಲ್ಲಿಡದೆ ಆಮೇಲೆ ತೊಂದರೆಗೆ ಸಿಲುಕುವವರಿದ್ದಾರೆ. ಇದರ ನೆರಳು ದೂರಕ್ಕೆ ಚಾಚುತ್ತದೆ. ವಿದ್ಯುತ್ ಆಯೋಗಗಳಲ್ಲಿ ಕಾನೂನು ಕ್ಷೇತ್ರದ ಒಬ್ಬ ಸದಸ್ಯ ಇರಲೇಬೇಕೆಂದು 2018ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟ್ ಹೇಳಿತು, ಆದರೆ ಆ ಸದಸ್ಯ ನ್ಯಾಯಾಂಗ ಹುದ್ದೆಯಲ್ಲಿದ್ದವರು ಅಥವಾ ವಕೀಲಿಯಲ್ಲಿ ಗಣನೀಯ ಅನುಭವವಿದ್ದು ನ್ಯಾಯಾಧೀಶರಾಗಲು ಅರ್ಹರಾದವರು ಇರಬೇಕು ಎಂದಿತು. ಹಸಿರು ನ್ಯಾಯಮಂಡಳಿಯ ತಜ್ಞ ಸದಸ್ಯತ್ವಕ್ಕೆ 2010ರ ಕಾಯ್ದೆ ಕೇಳುವುದು ವಿಜ್ಞಾನ, ಎಂಜಿನಿಯರಿಂಗ್ ಪದವಿ ಅಥವಾ ಆಡಳಿತದ ಅನುಭವ. ಜೀವಮಾನವಿಡೀ ಈ ಕಾನೂನನ್ನೇ ಕಲಿಸಿದವರಿಗೆ ಎರಡು ಕಡೆಯೂ ಸುಲಭದ ಪ್ರವೇಶವಿಲ್ಲ. ಇದು ಬದಲಾಗಬೇಕು.

ಹಾಗಿದ್ದರೂ ಬರಹ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜೋಸೆಫ್ ಸ್ಯಾಕ್ಸ್ ಸಾಕ್ಷಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಈ ಕಾನೂನು ಪ್ರಾಧ್ಯಾಪಕರು 1970ರಲ್ಲಿ ‘ಮಿಷಿಗನ್ ಲಾ ರಿವ್ಯೂ’ನಲ್ಲಿ ಸಾರ್ವಜನಿಕ ನ್ಯಾಸ ತತ್ವದ ಬಗ್ಗೆ ದೀರ್ಘ ಲೇಖನ ಬರೆದರು. ನದಿ, ಕಡಲತೀರದಂಥವು ಸರ್ಕಾರದ ಆಸ್ತಿಯಲ್ಲ, ಜನರ ಪರವಾಗಿ ಅದರ ವಶದಲ್ಲಿರುವ ನ್ಯಾಸ. ಅದನ್ನು ಜನರ ಬಳಕೆಗೆ ಮುಕ್ತವಾಗಿಡಬೇಕು, ತಕ್ಕ ಬೆಲೆ ಸಿಕ್ಕರೂ ಮಾರಬಾರದು, ಅದರ ಸಹಜ ಉಪಯೋಗಕ್ಕೇ ಉಳಿಸಬೇಕು ಎಂಬ ಮೂರು ಮಿತಿಗಳನ್ನು ಅದು ಬಿಡಿಸಿಟ್ಟಿತು. 26 ವರ್ಷ ಕಳೆದು, 1996ರ ಡಿಸೆಂಬರ್ 13ರಂದು, ಹಿಮಾಚಲದ ಬಿಯಾಸ್ ನದಿಯ ಪಾತ್ರವನ್ನೇ ತಿರುಗಿಸಲು ಹೊರಟ ಹೋಟೆಲೊಂದರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆ ಲೇಖನವನ್ನು ಉದ್ದಕ್ಕೂ ಉಲ್ಲೇಖಿಸಿ, ನ್ಯಾಸ ತತ್ವ ಭಾರತದ ಕಾನೂನಿನ ಭಾಗ ಎಂದು ಸಾರಿತು. ಮುಂದೆ 2006ರಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮತ್ತು ಕೆಂಚಪ್ಪ ಪ್ರಕರಣದಲ್ಲಿ, ಬೆಂಗಳೂರು ಸುತ್ತಿನ ಭೂಸ್ವಾಧೀನದ ಮೊದಲು ಪರಿಸರದ ಮೇಲಿನ ಪರಿಣಾಮ ತೂಗಿ ನೋಡಬೇಕೆಂದು ಕೋರ್ಟ್ ಹೇಳುವಾಗಲೂ ಇದೇ ತತ್ವ ಜೊತೆಗಿತ್ತು. ಸ್ಯಾಕ್ಸ್ ಈ ಕೋರ್ಟುಗಳ ಮುಂದೆ ವಾದಿಸಿದವರಲ್ಲ. ಯುಜಿಸಿ ಕೋಷ್ಟಕದಲ್ಲಿ ಅವರ ಲೇಖನಕ್ಕೂ ಸಿಗುತ್ತಿದ್ದುದು ಹತ್ತೇ ಅಂಕ.

ಹೊರದೇಶದ ದಾರಿಯ ಬಗ್ಗೆ ಎರಡು ಮಾತು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಲ್ಲಿ 1977ರಿಂದ ಇಂಧನ, ತೈಲ, ಖನಿಜ ಕಾನೂನಿನ ಕೇಂದ್ರವಿದೆ. ಇಂಧನ ಕಾನೂನನ್ನೇ ಮುಖ್ಯವಾಗಿ ಓದಬೇಕೆನ್ನುವವರು ಅತ್ತ ನೋಡುತ್ತಾರೆ. ವಾಪಸ್ ಬಂದು ಇಲ್ಲಿ ಪಾಠ ಹೇಳುವ ಉದ್ದೇಶವಿದ್ದರೆ ಪದವಿಯ ಸಮಾನತೆಯನ್ನು ಹೊರಡುವ ಮುನ್ನವೇ ಖಚಿತ ಮಾಡಿಕೊಳ್ಳಿ, ಎಲ್‌ಎಲ್‌ಎಂ ಮಾತ್ರ ಮಾಡಿ ಬಂದರೆ ನೆಟ್ ಅಥವಾ ಸೆಟ್ ಹೇಗೂ ಬೇಕು.

ಕರ್ನಾಟಕದಲ್ಲಿ ಈ ವೃತ್ತಿಗೆ ಇನ್ನೊಂದು ಮುಖವಿದೆ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿ ಕನ್ನಡದಲ್ಲಿ ಬರೆಯಬಹುದು. ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗೆ ದರ ಆದೇಶ, ಹಸಿರು ನ್ಯಾಯಮಂಡಳಿಯ ತೀರ್ಪು ಕನ್ನಡದಲ್ಲಿ ಸಿಗುವುದು ಅಪರೂಪ. ಆ ಸೇತುವೆಯನ್ನು ಅಧ್ಯಾಪಕರೇ ಕಟ್ಟಬೇಕು, ಮತ್ತು ಅದಕ್ಕೆ ಅತ್ಯುತ್ತಮ ಪ್ರಯೋಗಶಾಲೆ ಸಾರ್ವಜನಿಕ ಅಹವಾಲು ಸಭೆ. 2006ರ ಅಧಿಸೂಚನೆಯಂತೆ ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಹೊರಡಬೇಕು, ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಆ 30 ದಿನದಲ್ಲಿ ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ ಕೂರಿಸಿ, ಕನ್ನಡ ಸಾರಾಂಶವನ್ನು ಇಂಗ್ಲಿಷಿನ ಪೂರ್ಣ ವರದಿಯ ಪಕ್ಕ ಇಟ್ಟು ಓದಿಸಿ. ಮರಗಳ ಸಂಖ್ಯೆ, ಅರಣ್ಯದ ಹೆಕ್ಟೇರು, ನೀರಿನ ಮೂಲ, ಪರ್ಯಾಯ ಜಾಗಗಳ ಚರ್ಚೆ ಈ ನಾಲ್ಕು ಕಡೆ ಮೊದಲು ನೋಡಬೇಕು. ಸಾರಾಂಶದಲ್ಲಿ ಕೈಬಿಟ್ಟಿದ್ದರೆ ಹೆಚ್ಚಾಗಿ ಇಲ್ಲೇ ಬಿಟ್ಟಿರುತ್ತಾರೆ. ವ್ಯತ್ಯಾಸ ಕಂಡರೆ ಪುಟಸಂಖ್ಯೆ ಸಮೇತ ಲಿಖಿತವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಸಭೆಯ ದಿನ ಕೊನೆಯವರೆಗೂ ಕೂರಬೇಕು, ಏಕೆಂದರೆ ನಡಾವಳಿಯನ್ನು ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅದೇ ದಿನ ಸಹಿ ಮಾಡಬೇಕೆಂದು ಅಧಿಸೂಚನೆಯೇ ಹೇಳುತ್ತದೆ. ಊರವರು ಆಡಿದ ಮಾತು ಆ ಓದಿನಲ್ಲಿ ಇಲ್ಲದಿದ್ದರೆ ಸಹಿ ಬೀಳುವ ಮೊದಲೇ ಎದ್ದು ನಿಂತು ಸೇರಿಸಲು ಕೇಳಬೇಕು. ಮುಂದೆ ತಜ್ಞರ ಸಮಿತಿಯ ಎದುರಿಗೆ ಹೋಗುವುದು ಆ ನಡಾವಳಿಯ ಕಾಗದವೇ.